ತುಂಗಭದ್ರೆಯ ಕಾಲುವೆ ಮತ್ತು ಗಡಿನಾಡಿನ ಬೆಳೆ

ಗಡಿಯ ಪ್ರಶ್ನೆ ಎಂದೊಡನೆ ನಮ್ಮ ಸಭೆಗಳಲ್ಲಿ ಮಾತು ಶಾಲೆ, ಪಠ್ಯಪುಸ್ತಕ, ನಾಮಫಲಕಗಳ ಕಡೆಗೆ ಹೊರಳುತ್ತದೆ. ಅದು ಸಹಜವೇ ಆಗಿದೆ. ಆದರೆ ಆದವಾನಿ, ಆಲೂರು, ರಾಯದುರ್ಗದ ಸೀಮೆಯಲ್ಲಿ ಬಾಳುತ್ತ ಬಂದಿರುವ ನಾವು ಗಡಿಯನ್ನು ಮೊದಲು ಅರಿತದ್ದು ಶಾಲೆಯಲ್ಲಲ್ಲ, ಹೊಲದಲ್ಲಿ. ಶ್ರಾವಣದಲ್ಲಿ ಕಾಲುವೆಗೆ ನೀರು ಬಂದಿತೇ, ಬಂದ ನೀರು ಎಷ್ಟು ದಿನ ನಿಲ್ಲುತ್ತದೆ, ಮೇಲಿನವರು ತೂಬು ತೆರೆದಿದ್ದಾರೆಯೇ ಮುಚ್ಚಿದ್ದಾರೆಯೇ ಎಂಬ ವಿಚಾರಣೆ ನಮ್ಮ ಕಟ್ಟೆಗಳ ಮೇಲೆ ನಡೆಯುವಷ್ಟು ಭಾಷೆಯ ವಿಚಾರಣೆ ನಡೆಯುವುದಿಲ್ಲ. ಆದುದರಿಂದ ಈ ಬರಹದಲ್ಲಿ ಗಡಿ ಮತ್ತು ಬೆಳೆಗಳ ಸಂಬಂಧವನ್ನು ತುಂಗಭದ್ರೆಯ ಇತಿಹಾಸದ ಮೂಲಕ ನೋಡಲು ಯತ್ನಿಸಿದ್ದೇವೆ.

ವಿಜಯನಗರದ ಅರಸರು ಈ ನದಿಗೆ ಅಲ್ಲಲ್ಲಿ ಕಲ್ಲಿನ ಅಣೆಗಳನ್ನು ಕಟ್ಟಿಸಿ ಎರಡೂ ದಂಡೆಗಳಲ್ಲಿ ಕಾಲುವೆ ತೋಡಿಸಿದರು. ಬಸವಣ್ಣ ಕಾಲುವೆ, ರಾಯ ಕಾಲುವೆ, ತುರ್ತಾ ಕಾಲುವೆ, ಕಂಪ್ಲಿ ಮತ್ತು ಸಿರುಗುಪ್ಪದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಅಂದು ನದಿಯ ಎಡಬಲಗಳೆರಡೂ ಒಂದೇ ರಾಜ್ಯದವು. ಹೊಳೆ ನಾಡಿನ ನಡುವೆ ಹರಿಯುತ್ತಿತ್ತು, ನಾಡಿನ ಅಂಚಿನಲ್ಲಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ, ಅನಂತಪುರ, ಕಡಪ, ಕರ್ನೂಲು ಭಾಗಗಳನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟಾಗ ಈ ಸ್ಥಿತಿ ಬದಲಾಯಿತು. ಬಲದಂಡೆ ಕಂಪನಿಗೆ, ಎಡದಂಡೆಯ ರಾಯಚೂರು ಸೀಮೆ ನಿಜಾಮರಿಗೆ ಉಳಿಯಿತು. ಅಂದಿನಿಂದ ತುಂಗಭದ್ರೆ ಒಂದು ಸರಹದ್ದಾಯಿತು. ಸರಹದ್ದಿನ ಹೊಳೆಗೆ ಅಣೆ ಕಟ್ಟಬೇಕಾದರೆ ಇಬ್ಬರು ದೊರೆಗಳ ಒಪ್ಪಿಗೆ ಬೇಕು. ಮೇಲ್ಭಾಗದಲ್ಲಿ ಮೈಸೂರು, ಮುಂಬಯಿ ಪ್ರಾಂತಗಳೂ ಇದ್ದುದರಿಂದ ಒಪ್ಪಿಗೆ ನಾಲ್ವರದು ಬೇಕಾಯಿತು.

1860ರಲ್ಲಿಯೇ ಸರ್ ಆರ್ಥರ್ ಕಾಟನ್ ಈ ನದಿಯ ನೀರನ್ನು ಸಂಗ್ರಹಿಸಿ ಬಳ್ಳಾರಿ ಸೀಮೆಗೆ ಒದಗಿಸುವ ಯೋಜನೆಯನ್ನು ಮುಂದಿಟ್ಟಿದ್ದರು. ಅದು ಕಾಗದದಲ್ಲಿ ಉಳಿಯಿತು. ಹದಿನಾರು ವರ್ಷಗಳ ಬಳಿಕ ಧಾತು ಸಂವತ್ಸರದ ಬರ ಬಂದಿತು. 1876ರಿಂದ 78ರವರೆಗಿನ ಆ ಬರದಲ್ಲಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಭಾರೀ ಪೆಟ್ಟು ಬಿದ್ದಿತು. 1871ರ ಜನಗಣತಿಗೂ 1881ರ ಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಕುಸಿಯಿತು. ಎತ್ತುಗಳು ಸತ್ತ ಮೇಲೆ ಮಳೆ ಬಂದರೂ ಉಳುವವರಿರಲಿಲ್ಲ. ಎರೆಭೂಮಿಯ ಗುಣವನ್ನು ಬಲ್ಲವರಿಗೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಒಂದು ವರ್ಷ ಕುಂಟೆ ಆಡದ ಎರೆಯಲ್ಲಿ ಕರಿಕೆ ಬೇರು ಬಿಡುತ್ತದೆ. ಅದನ್ನು ಕಿತ್ತು ಹೊಲವನ್ನು ಹದಕ್ಕೆ ತರಲು ದೊಡ್ಡ ನೇಗಿಲೂ ಹಲವು ಜೊತೆ ಎತ್ತುಗಳೂ ಬೇಕು.

ಬರ ಮುಗಿದ ಮೇಲಾದರೂ ಅಣೆಕಟ್ಟು ಎದ್ದಿತೇ? ಇಲ್ಲ. 1892ರಲ್ಲಿ ಮದರಾಸು ಮತ್ತು ಮೈಸೂರು ಸರ್ಕಾರಗಳ ನಡುವೆ ಒಪ್ಪಂದವಾಯಿತು. ಮೈಸೂರು ತನ್ನ ನದಿಗಳ ಮೇಲೆ ಹೊಸ ನೀರಾವರಿ ಕಾಮಗಾರಿಗಳನ್ನು ಕೈಗೊಳ್ಳುವ ಮೊದಲು ಕೆಳಗಿನ ಮದರಾಸಿನ ಸಮ್ಮತಿಯನ್ನು ಪಡೆಯಬೇಕೆಂಬುದು ಅದರ ತಿರುಳು. ಅದು ಕೆಳಗಿನವರ ಬೆಳೆಯನ್ನು ಕಾಯುವ ಕರಾರು. ಆದರೆ ಕೆಳಗಿನವರಿಗಾಗಿ ಹೊಸ ನೀರನ್ನು ಕೂಡಿಡುವ ಕರಾರು ಅದಾಗಿರಲಿಲ್ಲ. ಮದರಾಸು ಮತ್ತು ಹೈದರಾಬಾದುಗಳ ನಡುವಿನ ಪತ್ರವ್ಯವಹಾರವು ಇನ್ನೂ ಅರ್ಧ ಶತಮಾನ ನಡೆಯಿತು. ನೀರು ಯಾರಿಗೆಷ್ಟು, ಮುಳುಗುವ ಭೂಮಿ ಯಾರದು, ಮೇಲಿನವರಿಗೆ ಮುಂದೆ ಬೇಕಾಗುವ ನೀರಿನ ಗತಿಯೇನು ಎಂಬ ವಾದಗಳಲ್ಲಿ ಒಂದೊಂದೂ ನ್ಯಾಯವಾದುದೇ. ಆ ಐವತ್ತು ವರ್ಷಗಳಲ್ಲಿ ನೀರು ಮಾತ್ರ ಯಾರ ಹೊಲಕ್ಕೂ ಹರಿಯದೆ ಕೃಷ್ಣೆಯನ್ನು ಸೇರಿ ಸಮುದ್ರಕ್ಕೆ ಹೋಯಿತು. ಗಡಿಯ ಜಗಳದಿಂದ ಬೆಳೆಗೆ ಆಗುವ ನಷ್ಟವೆಂದರೆ ಬೆಂಕಿ ಬಿದ್ದ ಬಣವೆ, ತುಳಿದು ಹಾಕಿದ ಪೈರು ಎಂದು ನಾವು ಭಾವಿಸುತ್ತೇವೆ. ಬೆಳೆಯದೇ ಹೋದ ಬೆಳೆಯ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಕೊನೆಗೆ 1944ರ ಬೇಸಗೆಯಲ್ಲಿ ಒಪ್ಪಂದಗಳಾದವು. ಮದರಾಸು ಮತ್ತು ಹೈದರಾಬಾದುಗಳು ತಲಾ 65 ಟಿಎಂಸಿ ನೀರನ್ನು ಬಳಸಲು ಒಪ್ಪಿದವು. (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ಎಂಬುದನ್ನು ಕಿರಿಯ ಓದುಗರಿಗಾಗಿ ಹೇಳಬೇಕು.) 1945ರ ಫೆಬ್ರುವರಿ 28ರಂದು ಹೊಸಪೇಟೆಯ ಬಳಿಯ ಮಲ್ಲಾಪುರದ ಹತ್ತಿರ ಶಂಕುಸ್ಥಾಪನೆ ನಡೆಯಿತು. ಒಂದೇ ಅಣೆಕಟ್ಟಿಗೆ ಎರಡು ಶಂಕುಸ್ಥಾಪನೆಗಳು: ಎಡದಂಡೆಯಲ್ಲಿ ಹೈದರಾಬಾದಿನ ಯುವರಾಜರಿಂದ, ಬಲದಂಡೆಯಲ್ಲಿ ಮದರಾಸಿನ ಗವರ್ನರ್ ಸರ್ ಆರ್ಥರ್ ಹೋಪ್ ಅವರಿಂದ. ಅರ್ಧ ಕಟ್ಟೆಯನ್ನು ಒಂದು ಸರ್ಕಾರ, ಇನ್ನರ್ಧವನ್ನು ಮತ್ತೊಂದು ಸರ್ಕಾರ ಕಟ್ಟಬೇಕಾಗಿತ್ತು. ವಿನ್ಯಾಸದ ಬಗೆಗೂ ಎರಡು ಕಡೆಯ ಎಂಜಿನಿಯರುಗಳಲ್ಲಿ ಒಮ್ಮತವಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ತಜ್ಞರ ಮಂಡಳಿಯು ಅದನ್ನು ಬಗೆಹರಿಸಬೇಕಾಯಿತು.

ಅಷ್ಟರಲ್ಲಿ ಸ್ವಾತಂತ್ರ್ಯ ಬಂದಿತು. ಹೈದರಾಬಾದು ಒಕ್ಕೂಟಕ್ಕೆ ಸೇರಲಿಲ್ಲ. 1947ರ ಆಗಸ್ಟಿನಿಂದ 1948ರ ಸೆಪ್ಟೆಂಬರಿನವರೆಗೆ ತುಂಗಭದ್ರೆ ಅಕ್ಷರಶಃ ಹಗೆಯ ಗಡಿಯಾಗಿತ್ತು. ರಜಾಕಾರರ ಹಾವಳಿಗೆ ಹೆದರಿ ಕೊಪ್ಪಳ, ರಾಯಚೂರು ಸೀಮೆಯ ಹಳ್ಳಿಗರು ಮನೆಮಠಗಳನ್ನು ಬಿಟ್ಟು ಈಚೆಯ ದಂಡೆಗೆ ಬಂದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಮುಂದಾಳುತನದಲ್ಲಿ ಹೋರಾಟದ ಶಿಬಿರಗಳು ನಡೆದುದು ವಿಮೋಚನೆಯ ಇತಿಹಾಸದಲ್ಲಿ ದಾಖಲಾಗಿದೆ. ಆ ಇತಿಹಾಸವನ್ನು ಬರೆದವರು ಠಾಣೆಗಳ ಮೇಲಿನ ದಾಳಿಗಳನ್ನು ವಿವರವಾಗಿ ಬರೆದಿದ್ದಾರೆ. ಬಿಟ್ಟುಬಂದ ಹೊಲಗಳ ಬಗ್ಗೆ ಹೆಚ್ಚು ಬರೆದಿಲ್ಲ. ಹಿಂಗಾರಿ ಜೋಳಕ್ಕೆ ಬಿತ್ತನೆಯ ಹದ ಎಂಬುದು ಕೆಲವೇ ದಿನಗಳದು. ಆ ದಿನಗಳಲ್ಲಿ ಊರು ಬಿಟ್ಟವನಿಗೆ ಮುಂದಿನ ಮಾಘದಲ್ಲಿ ಸುಗ್ಗಿಯಿಲ್ಲ. ತೆನೆ ಕಟ್ಟಿದ ಮೇಲೆ ಊರು ಬಿಟ್ಟರೆ ಕಾಯುವವರಿಲ್ಲದೆ ಹಕ್ಕಿಗೂ ದನಕ್ಕೂ ಕಳ್ಳನಿಗೂ ಪಾಲು. ಅಣೆಕಟ್ಟಿನ ಕೆಲಸಕ್ಕೂ ವೇಗ ಬಂದದ್ದು ಪೊಲೀಸ್ ಕಾರ್ಯಾಚರಣೆಯ ನಂತರವೇ.

1953ರ ಬೇಸಗೆಯ ಕೊನೆಗೆ ಅಣೆಕಟ್ಟು ನೀರು ನಿಲ್ಲಿಸುವ ಸ್ಥಿತಿಗೆ ಬಂದಿತು. ಅದೇ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ನಮ್ಮ ಪಾಲಿಗೆ ಈ ಎರಡು ಘಟನೆಗಳನ್ನು ಬೇರೆಬೇರೆಯಾಗಿ ನೋಡಲು ಸಾಧ್ಯವಿಲ್ಲ. ಬಳ್ಳಾರಿ ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದವು. ಉಳಿದವು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕು ಯಾರಿಗೆ ಎಂಬುದನ್ನು ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರು ವಿಚಾರಣೆ ನಡೆಸಿ ಮೈಸೂರಿಗೆಂದು ಹೇಳಿದರು. ವಾದವು ಅಲ್ಲಿಗೆ ಮುಗಿಯಲಿಲ್ಲ. 1955ರ ರಾಜ್ಯ ಪುನರ್ವಿಂಗಡಣಾ ಆಯೋಗವು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನೂ ಅಣೆಕಟ್ಟು ಇರುವ ಮಲ್ಲಾಪುರದ ಉಪತಾಲ್ಲೂಕನ್ನೂ ಆಂಧ್ರಕ್ಕೆ ಕೊಡಬೇಕೆಂದು ಸೂಚಿಸಿತು. ತುಂಗಭದ್ರಾ ಯೋಜನೆಯು ರಾಯಲಸೀಮೆಗೆ ಪ್ರಾಣವೆಂಬುದು ಅದರ ಮುಖ್ಯ ಕಾರಣಗಳಲ್ಲೊಂದು. ಕೇಂದ್ರ ಸರ್ಕಾರವು ಈ ಸೂಚನೆಯನ್ನು ಒಪ್ಪಲಿಲ್ಲ. ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಬರವನ್ನು ನೀಗಲೆಂದು ಕಟ್ಟಿದ ಕಟ್ಟೆಯು ಎರಡೇ ವರ್ಷಗಳಲ್ಲಿ ಗಡಿಯ ವಾದಕ್ಕೆ ಸಾಧನವಾಗಿತ್ತು. ಆಡುವ ನುಡಿ ಯಾವುದು ಎಂಬ ಪ್ರಶ್ನೆಯ ಪಕ್ಕದಲ್ಲಿ ನೀರು ಯಾರಿಗೆ ಬೇಕು ಎಂಬ ಪ್ರಶ್ನೆ ಕುಳಿತಿತ್ತು. ಮೂರು ತಾಲ್ಲೂಕುಗಳ ಕನ್ನಡಿಗರಾದ ನಾವು ನುಡಿಯಿಂದ ಒಂದು ಕಡೆಗೂ ನೀರಿನಿಂದ ಇನ್ನೊಂದು ಕಡೆಗೂ ಸಲ್ಲುವವರಾದೆವು.

ಈ ಗೊಂದಲದ ನಡುವೆ ಆದ ಒಂದು ಒಳ್ಳೆಯ ಕೆಲಸವೆಂದರೆ ತುಂಗಭದ್ರಾ ಮಂಡಳಿಯ ರಚನೆ. 1953ರ ಆಂಧ್ರ ರಾಜ್ಯ ಕಾಯಿದೆಯ ಅಡಿಯಲ್ಲಿ ರಾಷ್ಟ್ರಪತಿಗಳ ಆದೇಶದಿಂದ ಅದು ಅಸ್ತಿತ್ವಕ್ಕೆ ಬಂದಿತು. ಅಣೆಕಟ್ಟನ್ನೂ ಬಲದಂಡೆಯ ಎರಡು ದೊಡ್ಡ ಕಾಲುವೆಗಳ ಸಾಮಾನ್ಯ ಭಾಗವನ್ನೂ ಈ ಮಂಡಳಿಯೇ ನೋಡಿಕೊಳ್ಳುತ್ತದೆ. ಯಾವುದೇ ಒಂದು ರಾಜ್ಯದ ನೀರಾವರಿ ಇಲಾಖೆಯ ಕೈಯಲ್ಲಿ ತೂಬಿನ ಚಕ್ರ ಇರಬಾರದೆಂಬುದು ಇದರ ಹಿಂದಿನ ವಿವೇಕ. ಬಳ್ಳಾರಿಗಾಗಿ ಬೀದಿಯಲ್ಲಿ ರಕ್ತ ಹರಿದ ದಿನಗಳಲ್ಲಿಯೇ ನೀರಿನ ಲೆಕ್ಕಕ್ಕೆ ಇಂತಹ ಒಂದು ಕಚೇರಿ ಎದ್ದಿತೆಂಬುದನ್ನು ನೆನೆದರೆ ನಮಗೆ ಈಗಲೂ ಸೋಜಿಗವಾಗುತ್ತದೆ.

ಬಲದಂಡೆಯ ಕೆಳಮಟ್ಟದ ಕಾಲುವೆ ಮುನ್ನೂರು ಕಿಲೋಮೀಟರು ಮೀರಿದ್ದು. ಹೊಸಪೇಟೆಯಿಂದ ಹೊರಟು ಕಂಪ್ಲಿ, ಸಿರುಗುಪ್ಪ ಸೀಮೆಯ ಮೂಲಕ ಹರಿದು, ಗಡಿಯ ಅಂಚನ್ನು ಹಿಡಿದುಕೊಂಡು ಬಂದು, ಸುಮಾರು 250ನೆಯ ಕಿಲೋಮೀಟರಿನ ಬಳಿಕ ಪೂರ್ಣವಾಗಿ ಆಂಧ್ರದ ಕೈಗೆ ಬರುತ್ತದೆ. ಹಾಲಹರ್ವಿ, ಹೊಳಗುಂದಿ, ಆದವಾನಿ, ಕೋಸಿಗಿ, ಎಮ್ಮಿಗನೂರುಗಳ ಹೊಲಗಳು ಇದರ ಕೊನೆಯವು. ಮೇಲ್ಮಟ್ಟದ ಕಾಲುವೆ ಬಳ್ಳಾರಿಯ ದಕ್ಷಿಣಕ್ಕೆ ಹಾಯ್ದು ಬೊಮ್ಮನಹಾಳು, ಕಣೇಕಲ್ಲುಗಳ ಕಡೆಗೆ ಬಂದು ಅನಂತಪುರವನ್ನು ಸೇರುತ್ತದೆ. ನ್ಯಾಯಮೂರ್ತಿ ಬಚಾವತ್ ಅವರ ಅಧ್ಯಕ್ಷತೆಯ ಕೃಷ್ಣಾ ನ್ಯಾಯಾಧಿಕರಣವು 1973 ಮತ್ತು 1976ರ ತೀರ್ಪುಗಳಲ್ಲಿ ಪಾಲುಗಳನ್ನು ನಿಗದಿ ಮಾಡಿತು. ಅದರಂತೆ ಆಂಧ್ರಕ್ಕೆ ಮೇಲ್ಮಟ್ಟದ ಕಾಲುವೆಯಲ್ಲಿ 32.5 ಟಿಎಂಸಿ, ಕೆಳಮಟ್ಟದ ಕಾಲುವೆಯ ಹೊಲಗಳಿಗೆ 24 ಟಿಎಂಸಿ. ಕೆಳಮಟ್ಟದ ಕಾಲುವೆಯ ಆಂಧ್ರ ಭಾಗದ ಅಚ್ಚುಕಟ್ಟು ಒಂದೂವರೆ ಲಕ್ಷ ಎಕರೆ. ಆ ನೀರು ಪೂರ್ತಿಯಾಗಿ ಬಂದ ವರ್ಷಗಳನ್ನು ನಮ್ಮ ಹಿರಿಯರು ಬೆರಳಲ್ಲಿ ಎಣಿಸುತ್ತಾರೆ.

ಇದಕ್ಕೆ ಕರ್ನಾಟಕದವರು ಕಾರಣರೆಂದು ಇತ್ತ ಹೇಳುವುದುಂಟು. ಆಂಧ್ರದವರು ಹೆಚ್ಚು ಎಳೆಯುತ್ತಾರೆಂದು ಅತ್ತ ಹೇಳುವುದುಂಟು. ನಾವು ಎರಡನ್ನೂ ಕೇಳಿ ಬೆಳೆದವರು. ಆದರೆ ನಿಜಸ್ಥಿತಿ ಇಷ್ಟು ಸರಳವಾಗಿಲ್ಲ. ತುಂಗಭದ್ರಾ ಯೋಜನೆಯನ್ನು ರೂಪಿಸಿದವರು ಅದನ್ನು ಭತ್ತದ ಯೋಜನೆಯಾಗಿ ಎಣಿಸಿರಲಿಲ್ಲ. ಎರೆಭೂಮಿಗೆ ನೀರು ಹಾಯಿಸಿದರೆ ಏನಾಗುತ್ತದೆಂದು ಪರೀಕ್ಷಿಸಲು ಮೂವತ್ತರ ದಶಕದಲ್ಲಿಯೇ ಸಿರುಗುಪ್ಪದಲ್ಲಿ ಸಂಶೋಧನಾ ಕ್ಷೇತ್ರವನ್ನು ತೆರೆದಿದ್ದರು. ಜೋಳ, ಹತ್ತಿ, ಶೇಂಗಾ ಮೊದಲಾದ ಬೆಳೆಗಳಿಗೆ ಮಳೆ ತಪ್ಪಿದಾಗ ಒಂದೆರಡು ನೀರು ಕೊಟ್ಟು ಆದಷ್ಟು ಹೆಚ್ಚು ಜನರನ್ನು ಬರದಿಂದ ಉಳಿಸುವುದು ಉದ್ದೇಶವಾಗಿತ್ತು. ಭತ್ತಕ್ಕೆಂದು ಗುರುತು ಮಾಡಿದ ಭೂಮಿ ಕಡಿಮೆ. ಕಾಲುವೆ ಬಂದ ಬಳಿಕ ನಡೆದದ್ದೇ ಬೇರೆ. ಗೋದಾವರಿ, ಕೃಷ್ಣಾ ಜಿಲ್ಲೆಗಳ ಕರಾವಳಿಯಿಂದ ಭತ್ತದ ಬೇಸಾಯ ಬಲ್ಲ ರೈತರು ಬಂದು ಗಂಗಾವತಿ, ಸಿಂಧನೂರು, ಸಿರುಗುಪ್ಪಗಳ ಸುತ್ತ ಭೂಮಿ ಕೊಂಡು ‘ಕ್ಯಾಂಪು’ಗಳನ್ನು ಕಟ್ಟಿಕೊಂಡರು. ಅವರು ದುಡಿಯುವ ಜನ, ಅದರಲ್ಲಿ ಸಂಶಯವಿಲ್ಲ. ಅವರನ್ನು ನೋಡಿ ಸ್ಥಳೀಯರೂ ಗದ್ದೆ ಮಾಡಿದರು. ಒಂದು ಎಕರೆ ಭತ್ತ ಕುಡಿಯುವ ನೀರಿನಲ್ಲಿ ಎರಡು ಮೂರು ಎಕರೆ ಜೋಳ ಬೆಳೆಯುತ್ತದೆ. ಮೇಲೆ ಗದ್ದೆಯಾದಷ್ಟೂ ಕೆಳಗೆ ಒಣಗುವುದು ಲೆಕ್ಕಾಚಾರದ ಮಾತು. ಹೀಗೆ ಕರ್ನಾಟಕದ ತಲೆಭಾಗದಲ್ಲಿ ತೆಲುಗು ಮಾತನಾಡುವ ರೈತರು ಸೋನಾಮಸೂರಿ ಬೆಳೆಯುತ್ತಾರೆ. ಆಂಧ್ರದ ಬಾಲಭಾಗದಲ್ಲಿ ಕನ್ನಡ ಮಾತನಾಡುವ ರೈತರು ನೀರಿಗೆ ಕಾಯುತ್ತಾರೆ. ಇದರಲ್ಲಿ ಯಾವ ನುಡಿಯವರು ಯಾರಿಗೆ ಅನ್ಯಾಯ ಮಾಡಿದರೆಂದು ತೀರ್ಪು ಕೊಡಲು ನಮಗೆ ಬಾಯಿ ಬರುವುದಿಲ್ಲ. ತಲೆಭಾಗ ಮತ್ತು ಬಾಲಭಾಗಗಳ ಜಗಳ ಎಲ್ಲ ಕಾಲುವೆಗಳಲ್ಲಿಯೂ ಇದೆ. ನಮ್ಮಲ್ಲಿ ಅದರ ನಡುವೆ ರಾಜ್ಯದ ಗಡಿ ಬಿದ್ದಿರುವುದರಿಂದ ಬಾಲಭಾಗದವನ ದೂರು ತಲೆಭಾಗದ ಅಧಿಕಾರಿಯನ್ನು ಮುಟ್ಟುವುದಿಲ್ಲ. ತಲೆಭಾಗದ ಶಾಸಕರಿಗೆ ಬಾಲಭಾಗದವನ ವೋಟು ಬೇಕಿಲ್ಲ.

ಗಡಿಯು ಬೆಳೆಯನ್ನು ಹೇಗೆ ಕೆಡಿಸುತ್ತದೆಂಬುದನ್ನು ದಿನಗಳ ಲೆಕ್ಕದಲ್ಲಿ ಹೇಳಬಹುದು. ಕಾಲುವೆಗೆ ನೀರು ಬಿಡುವ ತಾರೀಖು ಸಭೆಯಲ್ಲಿ ನಿಶ್ಚಯವಾಗುತ್ತದೆ. ಬಳಿಕ ಪ್ರತಿಯೊಂದು ರಾಜ್ಯವೂ ತನಗೆ ಇಷ್ಟು ನೀರು ಬೇಕೆಂದು ಮಂಡಳಿಗೆ ‘ಇಂಡೆಂಟು’ ಕಳುಹಿಸಬೇಕು. ಇಂಡೆಂಟು ತಡವಾದರೆ ನೀರು ತಡ. ನೀರು ಹೊರಟ ಮೇಲೂ ನಮ್ಮ ತನಕ ಬರಲು ದಿನಗಳು ಬೇಕು. ದಾರಿಯುದ್ದಕ್ಕೂ ದಂಡೆಯ ಮೇಲೆ ಮೋಟಾರುಗಳು ಕುಳಿತಿರುತ್ತವೆ. ಮೆಣಸಿನ ಸಸಿ ನಾಟಿಗೆ ಬಂದು ನಿಂತಾಗ ಹತ್ತು ದಿನ ತಡವಾದರೆ ಸಸಿ ಮುದಿಯಾಗುತ್ತದೆ. ಹತ್ತಿ ಕಾಯಿ ಕಟ್ಟುವಾಗ ಒಂದು ನೀರು ತಪ್ಪಿದರೆ ಮೊಗ್ಗು ಉದುರುತ್ತದೆ. 2016-17ರಂತಹ ಬರದ ವರ್ಷದಲ್ಲಿ ಪಾಲುಗಳನ್ನು ಪ್ರಮಾಣಾನುಸಾರ ಕಡಿತ ಮಾಡುತ್ತಾರೆ. ಕಾಗದದ ಮೇಲೆ ಎಲ್ಲರ ಕಡಿತ ಸಮಾನ. ಕಾಲುವೆಯಲ್ಲಿ ಮಾತ್ರ ಅದು ಕೊನೆಯವನಿಂದ ಆರಂಭವಾಗುತ್ತದೆ.

ನಮ್ಮ ಕೆಳಗಿನ ರಾಜೋಳಿಬಂಡೆಯ ಕಥೆ ಇನ್ನೂ ಸಿಕ್ಕಾದುದು. ನಿಜಾಮರ ಆಳ್ವಿಕೆಯ ಕೊನೆಯಲ್ಲಿ ರಾಯಚೂರು ಜಿಲ್ಲೆಯ ರಾಜೋಳಿಬಂಡೆಯಲ್ಲಿ ಅಣೆ ಕಟ್ಟಲು ತೊಡಗಿದಾಗ ನೀರು ಪಡೆಯಬೇಕಾದ ಗದ್ವಾಲ, ಆಲಂಪುರಗಳು ಅದೇ ಜಿಲ್ಲೆಯ ತಾಲ್ಲೂಕುಗಳು. 1956ರ ನವೆಂಬರಿನಲ್ಲಿ ಅವು ಮೆಹಬೂಬನಗರ ಜಿಲ್ಲೆಗೆ ಸೇರಿ ಆಂಧ್ರಪ್ರದೇಶಕ್ಕೆ ಹೋದವು. ಅಣೆ ಕರ್ನಾಟಕದಲ್ಲಿ, ಕಾಲುವೆಯ ಮೊದಲ ನಲವತ್ತೆರಡು ಕಿಲೋಮೀಟರು ಕರ್ನಾಟಕದಲ್ಲಿ, ಸುಮಾರು 87,500 ಎಕರೆಯ ಅಚ್ಚುಕಟ್ಟು ಆಚೆ, ಆರು ಸಾವಿರ ಎಕರೆಗಿಂತಲೂ ಕಡಿಮೆ ಈಚೆ. ಹಂಚಿಕೆಯ 17.1 ಟಿಎಂಸಿಯಲ್ಲಿ ಕರ್ನಾಟಕದ ಪಾಲು 1.2 ಮಾತ್ರ. ಕಾಲುವೆಯನ್ನು ದುರಸ್ತಿ ಮಾಡಬೇಕಾದವರಿಗೆ ಅದರಿಂದ ಲಾಭವಿಲ್ಲ. ಲಾಭ ಪಡೆಯುವವರಿಗೆ ದುರಸ್ತಿಯ ಅಧಿಕಾರವಿಲ್ಲ. ಇದರ ಮೇಲೆ ಬಲದಂಡೆಯ ಕರ್ನೂಲಿನ ರೈತರಿಗೂ ಎಡದಂಡೆಯ ಪಾಲಮೂರಿನ ರೈತರಿಗೂ ಅಣೆಯ ತೂಬುಗಳ ವಿಷಯದಲ್ಲಿ ವರ್ಷಗಟ್ಟಲೆ ಜಗಳ. ಅಣೆಯ ಎತ್ತರವನ್ನು ಸರಿಪಡಿಸಲು ಹೋದಾಗಲೆಲ್ಲ ಕೆಲಸ ನಿಂತಿತು. ಸ್ಫೋಟಿಸುವ ಬೆದರಿಕೆಯ ತನಕ ಮಾತು ಹೋಯಿತು. 2014ರಲ್ಲಿ ತೆಲಂಗಾಣ ಬೇರೆಯಾದ ಮೇಲೆ ಎರಡು ಜಿಲ್ಲೆಗಳ ಜಗಳ ಎರಡು ರಾಜ್ಯಗಳದಾಯಿತು. ಒಂದೇ ಜಿಲ್ಲೆಯ ಕಾಲುವೆ ಅರವತ್ತು ವರ್ಷಗಳೊಳಗೆ ಮೂರು ರಾಜ್ಯಗಳ ಕಾಲುವೆಯಾಯಿತು.

ಇನ್ನೊಂದು ಹಗೆ ಸದ್ದಿಲ್ಲದೆ ತುಂಬುತ್ತಿದೆ. ಆರಂಭದಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಹಿಡಿಯುತ್ತದೆ. ಮಳೆಗಾಲದಲ್ಲಿ ಹೆಚ್ಚಾಗಿ ಬರುವ ನೀರನ್ನು ಬೇರೆಡೆ ಕೂಡಿಡಲು ಕರ್ನಾಟಕವು ನವಲಿಯಲ್ಲಿ ಸಮತೋಲನ ಜಲಾಶಯ ಬೇಕೆನ್ನುತ್ತದೆ. ಆಂಧ್ರವು ಸಮಾನಾಂತರ ಕಾಲುವೆ ಬೇಕೆನ್ನುತ್ತದೆ. ಮೂರು ರಾಜ್ಯಗಳೂ ಕೂಡಿ ಒಪ್ಪದೆ ಯಾವುದೂ ಆಗುವಂತಿಲ್ಲ. 1892ರ ಬಳಿಕದ ಅರ್ಧ ಶತಮಾನವನ್ನು ಮೇಲೆ ವಿವರಿಸಿದೆವಷ್ಟೆ. ಓದುಗರಿಗೆ ಹೋಲಿಕೆ ತಾನಾಗಿ ತೋರಬಹುದು.

ನೀರು ಬಾರದ ವರ್ಷ ನಮ್ಮ ಕಡೆ ಏನಾಗುತ್ತದೆಂಬುದನ್ನು ಸಂಘದ ಸದಸ್ಯರಿಗೆ ವಿವರಿಸಬೇಕಾಗಿಲ್ಲ. ದಸರೆ ದೀಪಾವಳಿಗಳು ಕಳೆದ ಮೇಲೆ ಕೋಸಿಗಿ, ಆದವಾನಿ, ಆಲೂರು ಕಡೆಯ ಹಳ್ಳಿಗಳಿಂದ ಸಂಸಾರಗಳೇ ಗುಂಟೂರಿಗೆ ಹೊರಡುತ್ತವೆ. ಅಲ್ಲಿ ಹತ್ತಿ ಬಿಡಿಸುವುದು, ಮೆಣಸಿನಕಾಯಿ ಕೀಳುವುದು. ಜೋಳದ ಚೀಲ, ಪಾತ್ರೆ, ಹಾಸಿಗೆಗಳ ಮೇಲೆ ಮಕ್ಕಳು ಕುಳಿತಿರುತ್ತಾರೆ. ಮುದುಕರು ಮನೆ ಕಾಯುತ್ತಾರೆ. ಯುಗಾದಿಯ ಹೊತ್ತಿಗೆ ಮರಳಿ ಬಂದ ಮಗುವಿಗೆ ನಡುವಿನ ಪಾಠಗಳು ತಪ್ಪಿರುತ್ತವೆ. ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಕಡಿಮೆಯಾದರೆ ಹುದ್ದೆ ಕಡಿಮೆ. ಹುದ್ದೆ ಕಡಿಮೆಯಾದರೆ ಶಾಲೆಯೇ ತೆಲುಗು ಶಾಲೆಯೊಡನೆ ಸೇರುವ ಭಯ. ಲೇಖನದ ಮೊದಲಲ್ಲಿ ಶಾಲೆಯ ಮಾತನ್ನು ಬದಿಗಿಟ್ಟೆವು. ಕಾಲುವೆಯ ದಂಡೆ ಹಿಡಿದು ಬಂದರೂ ಅದೇ ಶಾಲೆಯ ಬಾಗಿಲಿಗೆ ಬಂದು ನಿಂತಂತಾಯಿತು.

2024ರ ಆಗಸ್ಟ್ 10ರ ರಾತ್ರಿ ಜಲಾಶಯ ತುಂಬಿದ್ದಾಗ ಹತ್ತೊಂಬತ್ತನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಗೇಟಿನ ಮೇಲಿನ ಒತ್ತಡವನ್ನು ಇಳಿಸಲು ಉಳಿದ ಗೇಟುಗಳನ್ನೂ ತೆರೆದು ಮುಂಗಾರಿನ ನೀರನ್ನು ಹೊಳೆಗೆ ಬಿಡಬೇಕಾಯಿತು. ಆಗತಾನೇ ನಾಟಿಯಾದ ಗದ್ದೆಗಳ ರೈತರು ಎರಡೂ ರಾಜ್ಯಗಳಿಂದ ಕಟ್ಟೆಗೆ ಬಂದು ನೋಡಿ ಹೋದರು. ಒಂದು ವಾರದೊಳಗೆ ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಇಳಿಸಿ ಬಾಯಿ ಮುಚ್ಚಲಾಯಿತು. ಆ ವಾರ ಯಾರ ನೀರು ಎಷ್ಟು ಹೋಯಿತೆಂದು ಯಾವ ರಾಜ್ಯವೂ ವಾದ ಹೂಡಲಿಲ್ಲ, ವಾದಕ್ಕೆ ಬಿಡುವಿರಲಿಲ್ಲ. ಹಿಂದಿನ ಮಳೆಗಳು ಕೈಹಿಡಿದು ಜಲಾಶಯ ಮತ್ತೆ ತುಂಬಿತು, ಆ ವರ್ಷದ ಬೆಳೆ ಉಳಿಯಿತು. ಮುಂದಿನ ವರ್ಷ, ಹಳೆಯ ಗೇಟುಗಳನ್ನು ನಂಬಲಾಗದೆಂದು ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ಎಪ್ಪತ್ತು ವರ್ಷ ದಾಟಿದ ಮೂವತ್ಮೂರು ಗೇಟುಗಳನ್ನೂ ಹೊಸದಾಗಿ ಕೂರಿಸಬೇಕಾಯಿತು. ಆ ಕೆಲಸ ನೀರು ಇಳಿದ ತಿಂಗಳುಗಳಲ್ಲಿ ಆಗಬೇಕಾಗಿತ್ತು. ಆ ತಿಂಗಳುಗಳೇ ಎರಡನೆಯ ಬೆಳೆಯ ತಿಂಗಳುಗಳು. ಯಾವ ಕಾಲುವೆಗೆ ಎಷ್ಟು ದಿನ ನೀರೆಂಬುದನ್ನು ತಿಳಿಯಲು ಸಿರುಗುಪ್ಪದವರೂ ಸಿಂಧನೂರಿನವರೂ ಹೊಳಗುಂದಿಯವರೂ ಮಂಡಳಿಯ ಅದೇ ಸಭೆಯ ಸುದ್ದಿಗಾಗಿ ಕಾಯುತ್ತಾರೆ.